ಹಿಮನದಿಯ ಮುಂದೆ ನಾಲ್ಕು ತಾಸು

ನೇಸರಗಿ

ನಮ್ಮ ಕಡೆಯವರು ಅಮೆರಿಕಾಕ್ಕೆ ಹೋಗಿಬಂದರೆ ಎತ್ತರದ ಕಟ್ಟಡಗಳ ಮುಂದೆ ನಿಂತ ಫೋಟೋ ತರುತ್ತಾರೆ. ನಾನು ತಂದ ಫೋಟೋದಲ್ಲಿ ನನ್ನ ಅವ್ವ ಇಳಕಲ್ಲ ಸೀರೆಯ ಮೇಲೆ ಎರಡು ಸ್ವೆಟರು, ಅದರ ಮೇಲೆ ಕಿತ್ತಳೆ ಬಣ್ಣದ ತೇಲುವ ಜಾಕೀಟು ತೊಟ್ಟುಕೊಂಡು, ಉದ್ದನೆಯ ಕೋಲು ಹಿಡಿದು, ಸಮುದ್ರದಲ್ಲಿ ತೇಲುತ್ತಿದ್ದ ಬರ್ಫದ ಗಡ್ಡೆಯನ್ನು ದೂಡುತ್ತಿದ್ದಾಳೆ. ನೋಡಿದವರೆಲ್ಲ ನಗುತ್ತಾರೆ. ಆ ಹೊತ್ತಿನಲ್ಲಿ ನಮಗಾರಿಗೂ ನಗು ಬಂದಿರಲಿಲ್ಲ.

ನಾನು ಬೈಲಹೊಂಗಲದ ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸುವವನು. ಹಿಮನದಿಯ ಪಾಠವನ್ನು ಹದಿನಾಲ್ಕು ವರ್ಷ ಮಾಡಿದ್ದೆ. ಹಲಗೆಯ ಮೇಲೆ ಗುಡ್ಡ ಬರೆದು, ನಡುವೆ ಬಿಳಿ ಸೀಮೆಸುಣ್ಣ ಒರೆಸಿ, 'ಇದು ಹರಿಯುತ್ತದೆ, ಆದರೆ ಕಣ್ಣಿಗೆ ಕಾಣುವುದಿಲ್ಲ' ಎನ್ನುತ್ತಿದ್ದೆ. ನಾನು ಸ್ವತಃ ಕಂಡ ಬರ್ಫವೆಂದರೆ ಬೈಲಹೊಂಗಲದ ಬಸ್ ನಿಲ್ದಾಣದ ಹೊರಗೆ ಗೋಣಿಚೀಲದಲ್ಲಿ ಸುತ್ತಿಟ್ಟು ಕೆತ್ತಿ ಮಾರುವ ಬರ್ಫ ಮಾತ್ರ.

ನಾವು ಹೋಗಲು ಕಾರಣ ವಾಲ್ಟರ್ ಎಂಬವರು. ಅರವತ್ತರ ದಶಕದ ಕೊನೆಯಲ್ಲಿ, ಹೊಸ ತಳಿಯ ಜೋಳ ಬೆಳೆಯುವುದನ್ನು ತೋರಿಸಿಕೊಡಲು ಅಮೆರಿಕಾದಿಂದ ಬಂದಿದ್ದ ಹುಡುಗ. ಎರಡು ವರ್ಷ ನೇಸರಗಿಯ ನಮ್ಮ ಮನೆಯ ಹೊರಗಿನ ಖೋಲಿಯಲ್ಲಿದ್ದರು. ಊರು ಅವರನ್ನು ವಾಲ್ಟಪ್ಪ ಮಾಡಿತು. ನಾವು ಮಕ್ಕಳು ವಾಲ್ಟಪ್ಪ ಕಾಕಾ ಎನ್ನುತ್ತಿದ್ದೆವು. ಅವರಿದ್ದ ಎರಡನೆಯ ವರ್ಷ ನನ್ನ ಅಕ್ಕ ಮಾದೇವಿ, ಒಂಬತ್ತು ವರ್ಷದವಳು, ಹಾವು ಕಚ್ಚಿ ತೀರಿಕೊಂಡಳು. ಊರಿನಲ್ಲಿ ಮೋಟಾರ್ ಸೈಕಲ್ ಇದ್ದದ್ದು ಕಾಕಾನ ಹತ್ತಿರ ಮಾತ್ರ. ಬೆಳಗಾವಿಯ ದವಾಖಾನೆಗೆ ಅವಳನ್ನು ಒಯ್ದವರೂ ಅವರೇ. ಅದಾಗಿ ಒಂದು ತಿಂಗಳಿಗೆ ಅವರು ತಮ್ಮ ದೇಶಕ್ಕೆ ಹೋದರು. ವರ್ಷಕ್ಕೊಂದು ಕಾಗದ ಬರುತ್ತಿತ್ತು. ಮಳೆ ಹೇಗಿದೆ, ಜೋಳ ಹೇಗಿದೆ ಎಂದು ಕೇಳುತ್ತಿದ್ದರು. ಬನ್ನಿ ಎಂದು ನಾವು ಎಷ್ಟು ಸಲ ಬರೆದರೂ ಬರಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಅಪ್ಪ ತೀರಿಕೊಂಡರು. ಸುದ್ದಿ ತಿಳಿದ ಮೇಲೆ ಕಾಕಾ ಒಂದು ಉದ್ದನೆಯ ಕಾಗದ ಬರೆದು, ನೀವಾದರೂ ಒಮ್ಮೆ ಬನ್ನಿ, ನನ್ನ ಹಾಯಿದೋಣಿಯಲ್ಲಿ ಹಿಮನದಿ ತೋರಿಸುತ್ತೇನೆ ಎಂದಿದ್ದರು. ನಾನು ಅದನ್ನು ಅವ್ವನಿಗೆ ಓದಿ ಹೇಳಿದೆ, ಸೌಜನ್ಯದ ಮಾತೆಂದುಕೊಂಡು. ಅವ್ವ ಕೇಳಿದಳು:

"ಅಲ್ಲಿಗೆ ಹೋಗಾಕ ಎಷ್ಟ ದಿನಾ ಬೇಕು?"

"ಎರಡ ದಿನಾ. ಯಾಕವ್ವಾ?"

"ಅವ ಬರೂದಿಲ್ಲ. ನಾವ ಹೋಗೂಣು."

ಅವ್ವನಿಗೆ ಆಗ ಅರವತ್ತೈದು. ಬೆಳಗಾವಿ, ಸವದತ್ತಿ, ಒಮ್ಮೆ ಪಂಢರಪುರ. ಅವಳ ಪ್ರವಾಸ ಅಷ್ಟೇ. ಹಿಮನದಿಯ ಆಸೆಗೆ ಹೊರಟವಳಲ್ಲ ಎಂದು ತಿಳಿಯುತ್ತಿತ್ತು. ಯಾತಕ್ಕೆ ಹೊರಟಳೆಂಬುದು ಮಾತ್ರ ತಿಳಿಯಲಿಲ್ಲ.

ಬಂದರು

ಅಲಾಸ್ಕಾದ ಆ ಬಂದರು ಊರು ನೇಸರಗಿಗಿಂತ ಚಿಕ್ಕದು. ಜೂನ್ ತಿಂಗಳಾದರೂ ನಮ್ಮ ಸಂಕ್ರಾಂತಿಯ ಬೆಳಗಿಗಿಂತ ಚಳಿ. ಊರ ಹಿಂದೆಯೇ ಗುಡ್ಡ, ಗುಡ್ಡದ ಹೆಗಲ ಮೇಲೆ ಹಿಮ. ಮಂದಿ ಮಾತು ಕಡಿಮೆ. ನಮ್ಮಲ್ಲಿ ಹೊಸಬರು ಬಸ್ಸಿನಿಂದ ಇಳಿದರೆ ಯಾರ ಮನೆಗೆ ಬಂದಿರಿ, ಯಾವ ಊರು ಎಂದು ನಾಲ್ಕು ಜನ ಕೇಳುತ್ತಾರೆ. ಅಲ್ಲಿ ಇಳಕಲ್ಲ ಸೀರೆ ಉಟ್ಟ ಮುದುಕಿಯೊಬ್ಬಳು ಬಂದರಿನ ಹಲಗೆಯ ಮೇಲೆ ನಡೆದುಹೋದರೂ ಯಾರೂ ಏನೂ ಕೇಳಲಿಲ್ಲ. "ಗಾಳಿ ಚೆನ್ನಾಗಿದೆ" ಎಂದು ಒಬ್ಬ, "ನಾಳೆ ಮೋಡ ಬರಬಹುದು" ಎಂದು ಇನ್ನೊಬ್ಬ, ಅಷ್ಟೇ.

"ಇವರಿಗೆ ಮಾತಾಡಾಕ ಮಂದೀನ ಇಲ್ಲೇನು, ಬರೇ ಗಾಳಿ ಸುದ್ದಿ ಹೇಳ್ತಾರಲ್ಲ" ಎಂದಳು ಅವ್ವ.

ಕಾಕಾ ನಮ್ಮನ್ನು ಎದುರುಗೊಂಡಾಗ ನಾನು ಗುರುತಿಸಲಿಲ್ಲ. ನನ್ನ ನೆನಪಿನಲ್ಲಿದ್ದವರು ಕೆಂಪು ಕೂದಲಿನ ಹುಡುಗ. ಎದುರಿಗೆ ನಿಂತವರು ಬೋಳುತಲೆಯ, ಬೆನ್ನು ಸ್ವಲ್ಪ ಬಾಗಿದ ಗಂಡಸು. ಆದರೆ ಬಾಯಿ ತೆರೆದರೆ ನೇಸರಗಿ.

"ಅಕ್ಕಾರ, ಆರಾಮ ಬಂದ್ರಿ? ಬರ್ರಿ, ಒಳಗ ಬರ್ರಿ. ಬಸೂ, ಏನಲೇ, ತಲಿ ಬೆಳ್ಳಗ ಮಾಡಿಕೊಂಡಿ."

ಮೂವತ್ತು ವರ್ಷ ಯಾರೊಡನೆಯೂ ಆಡದ ಭಾಷೆ. ಎಲ್ಲಿಯೂ ತುಕ್ಕು ಹಿಡಿದಿರಲಿಲ್ಲ, ಆದರೆ ಮುಂದಕ್ಕೂ ಬೆಳೆದಿರಲಿಲ್ಲ. ನಮ್ಮ ಊರಿನಲ್ಲಿ ಈಗ ಮಕ್ಕಳು ಆಡದ ಎಷ್ಟೋ ಮಾತು ಅವರ ಬಾಯಲ್ಲಿ ಹಾಗೆಯೇ ಇದ್ದವು. ಅವ್ವ ಅವರನ್ನು ಮೇಲಿಂದ ಕೆಳಗೆ ನೋಡಿ, "ಸೊರಗಿ ಹೋಗೀಯಲ್ಲೋ ತಮ್ಮಾ" ಎಂದಳು. ಮದುವೆಯಾಗಿರಲಿಲ್ಲವಂತೆ. ಯಾಕೆ ಎಂದು ಅವ್ವ ನಾಲ್ಕು ರೀತಿಯಲ್ಲಿ ಕೇಳಿದಳು. ಅವರು ನಾಲ್ಕು ರೀತಿಯಲ್ಲಿ ನಕ್ಕರು.

ಮೊದಲ ದಿನ

ದೋಣಿ ನಾನು ಎಣಿಸಿದ್ದಕ್ಕಿಂತ ಬಹಳ ಚಿಕ್ಕದು. ನಮ್ಮ ಮನೆಯ ಪಡಸಾಲೆಯಲ್ಲಿ ಉದ್ದಕ್ಕೆ ಇಟ್ಟರೆ ಮೂತಿ ಮಾತ್ರ ಅಂಗಳಕ್ಕೆ ಬಂದೀತು. ಒಂದು ಕಂಬ, ಎರಡು ಹಾಯಿ, ಗಾಳಿ ಇಲ್ಲದಾಗ ಓಡಿಸಲು ಸಣ್ಣ ಡೀಸೆಲ್ ಎಂಜಿನು. ಒಳಗೆ ಬಗ್ಗಿ ನಡೆಯುವಷ್ಟು ಎತ್ತರದ ಖೋಲಿ, ಎರಡು ಬದಿಗೆ ಮಲಗುವ ಹಲಗೆ, ಒಂದು ಒಲೆ. ಸಂಡಾಸಕ್ಕೆ ಮೂಲೆಯಲ್ಲಿ ಒಂದು ಕುರ್ಚಿಯಂಥದು, ಕೂತೆದ್ದ ಮೇಲೆ ಕೈಯಿಂದ ಇಪ್ಪತ್ತು ಸಲ ಪಂಪು ಒತ್ತಬೇಕು. ನಾನು ಮೊದಲ ಸಲ ತಿರುಪನ್ನು ಉಲ್ಟಾ ತಿರುಗಿಸಿದೆ. ಸಮುದ್ರ ಒಳಗೆ ಬರತೊಡಗಿತು. ಕಾಕಾ ಬಂದು ಮುಚ್ಚಿದರು. ಅವ್ವ ಒಂದು ಸಲ ನೋಡಿ ಕಲಿತಳು, ಮುಂದೆ ನನಗೂ ಅವಳೇ ಹೇಳಿಕೊಟ್ಟಳು.

ಜಾಕೀಟು ತೊಡುವಾಗ ಸೆರಗಿನದು ತಂಟೆಯಾಯಿತು. ಕೊನೆಗೆ ಹೊಲದಲ್ಲಿ ಕಳೆ ತೆಗೆಯುವಾಗ ಕಟ್ಟುವಂತೆ ಸೆರಗನ್ನು ನಡುವಿಗೆ ಬಿಗಿದು ಕಟ್ಟಿ, ಮೇಲೆ ಜಾಕೀಟು ಹಾಕಿದಳು. ನಮ್ಮ ಸಲುವಾಗಿ ಕಾಕಾ ಮೂರು ದಿನ ಮೀನು ಮಾಂಸ ಬಿಟ್ಟಿದ್ದರು. ಅದು ಸಣ್ಣ ಮಾತಲ್ಲ, ಆ ಊರಿನಲ್ಲಿ ಕಾಯಿಪಲ್ಲೆ ಹಡಗಿನಲ್ಲಿ ಬರಬೇಕು.

ಗಾಳಿ ಹಿಡಿದೊಡನೆ ಕಾಕಾ ಎಂಜಿನು ನಿಲ್ಲಿಸಿದರು. ದೋಣಿ ಒಂದು ಮಗ್ಗುಲಿಗೆ ವಾಲಿತು. ನಾನು ಕಂಬಿ ಹಿಡಿದು ಕಣ್ಣು ಮುಚ್ಚಿದೆ. ಇದು ಹೀಗೇ ಹೋಗುವುದು, ಬೀಳುವುದಿಲ್ಲ ಎಂದು ಕಾಕಾ ಹೇಳಿದರೂ ನನ್ನ ಹೊಟ್ಟೆ ಒಪ್ಪಲಿಲ್ಲ. ಮಧ್ಯಾಹ್ನದವರೆಗೆ ಎರಡು ಸಲ ವಾಂತಿ ಮಾಡಿಕೊಂಡೆ. ಅವ್ವನಿಗೆ ಏನೂ ಆಗಲಿಲ್ಲ. ಎತ್ತಿನ ಬಂಡಿಯಲ್ಲಿ ಕೂತಂತೆ ಕೂತು, ಬಂಡೆಗಳ ಮೇಲೆ ಬಿದ್ದುಕೊಂಡಿದ್ದ ನೀರುನಾಯಿಗಳಂಥ ದೊಡ್ಡ ಪ್ರಾಣಿಗಳನ್ನು ನೋಡಿ, "ನಮ್ಮ ಕೆರಿಯಾಗ ಎಮ್ಮಿ ಬಿದ್ದಂಗ ಬಿದ್ದಾವ" ಎಂದಳು. ಅವು ಸೀಲುಗಳು.

ಸಂಜೆ ಒಂದು ಮರೆಯ ಕೊಲ್ಲಿಯಲ್ಲಿ ಲಂಗರು ಹಾಕಿದೆವು. ಕಾಕಾ ನೀರಿನ ಏರಿಳಿತದ ಪಟ್ಟಿ ನೋಡಿ, ಇಷ್ಟು ಹೊತ್ತಿಗೆ ಭರತ, ಇಷ್ಟು ಹೊತ್ತಿಗೆ ಇಳಿತ ಎಂದು ಬರೆದುಕೊಂಡರು. ಸವದತ್ತಿಯ ಅಣೆಕಟ್ಟಿನಲ್ಲಿ ಆರು ತಿಂಗಳಿಗೆ ಇಳಿಯುವಷ್ಟು ನೀರು ಅಲ್ಲಿ ಆರು ತಾಸಿಗೆ ಇಳಿಯುತ್ತದೆ. ಸಂಜೆ ದೋಣಿಯ ಪಕ್ಕದಲ್ಲಿದ್ದ ಬಂಡೆ ಬೆಳಿಗ್ಗೆ ಗುಡ್ಡವಾಗಿತ್ತು.

ಎರಡನೆಯ ದಿನ

ಬೆಳಿಗ್ಗೆ ಅವ್ವ ಒಳಗೆ ಬಿಸಿನೀರಿನಲ್ಲಿ ಮೈ ಒರೆಸಿಕೊಂಡು ಲಿಂಗಪೂಜೆ ಮಾಡಿಕೊಂಡಳು. ಅದು ಮುಗಿಯುವ ತನಕ ಕಾಕಾ ಎಂಜಿನು ಚಾಲು ಮಾಡಲಿಲ್ಲ. ಅಪ್ಪನ ಕಾಲದಲ್ಲಿ ನಮ್ಮ ಮನೆಯಲ್ಲಿ ಕಲಿತ ರೀತಿ.

ಒಂಬತ್ತರ ಸುಮಾರಿಗೆ ಒಂದು ತಿರುವು ದಾಟಿದೆವು. ಎದುರಿಗೆ ಹಿಮನದಿ. ಎರಡು ಗುಡ್ಡಗಳ ನಡುವಿನಿಂದ ಇಳಿದು ಬಂದು ಸಮುದ್ರದ ಅಂಚಿಗೆ ಒಮ್ಮೆಲೇ ಕಡಿದುಹಾಕಿದಂತೆ ನಿಂತಿತ್ತು. ನಾನು ಪಾಠದಲ್ಲಿ ಬಿಳಿ ಎಂದು ಹೇಳುತ್ತಿದ್ದೆ. ಅದು ಬಿಳಿಯಲ್ಲ. ಬಟ್ಟೆಗೆ ಹಾಕುವ ನೀಲಿಯ ಬಣ್ಣ, ಅಲ್ಲಲ್ಲಿ ರಾಡಿಯ ಕರಿ ಪಟ್ಟೆ. ಮೌನವಾಗಿಯೂ ಇರಲಿಲ್ಲ. ಒಳಗಿನಿಂದ ಯಾರೋ ಕಟ್ಟಿಗೆ ಒಡೆಯುವಂತೆ ಟಕ್ ಎನ್ನುತ್ತಿತ್ತು, ಆಮೇಲೆ ದೂರದ ಗುಡುಗು. ಸುತ್ತ ನೀರಿನಲ್ಲಿ ತೇಲುತ್ತಿದ್ದ ಬರ್ಫದ ಚೂರುಗಳು ಸೋಡಾ ಬಾಟ್ಲಿ ತೆರೆದಂತೆ ಸಣ್ಣಗೆ ಸುಯ್ ಎನ್ನುತ್ತಿದ್ದವು. ಎಷ್ಟೋ ವರ್ಷದ ಹಿಂದೆ ಒಳಗೆ ಸಿಕ್ಕ ಗಾಳಿ ಹೊರಗೆ ಬರುವ ಸಪ್ಪಳ ಎಂದರು ಕಾಕಾ.

ಒಂದೂವರೆ ಮೈಲಿ ದೂರದಲ್ಲಿ ಅವರು ದೋಣಿ ನಿಲ್ಲಿಸಿದರು. "ಇಲ್ಲಿಂದ ನೋಡೂಣು. ಮುಂದ ಬರ್ಫ ಜಾಸ್ತಿ ಐತಿ."

ತಪ್ಪು ನನ್ನದು. ಇಷ್ಟು ದೂರ ಬಂದು ಇಷ್ಟು ದೂರದಿಂದ ನೋಡುವುದೇ ಎನಿಸಿತು. ಶಾಲೆಯ ಮಕ್ಕಳಿಗೆ ಫೋಟೋ ತೋರಿಸಬೇಕಿತ್ತು. "ಸ್ವಲ್ಪ ಮುಂದ ಹೋಗೂಣೇನ್ರಿ ಕಾಕಾ?" ಎಂದೆ. ಅವರು ನೀರು ನೋಡಿದರು, ಪಟ್ಟಿ ನೋಡಿದರು, ನನ್ನ ಮುಖ ನೋಡಿದರು. ಎಂಜಿನು ಚಾಲು ಮಾಡಿದರು.

ಚೂರುಗಳ ನಡುವೆ ದಾರಿ ಮಾಡಿಕೊಂಡು ಅರ್ಧ ತಾಸು ಹೋಗಿರಬೇಕು. ಎಂಜಿನಿನ ಸಪ್ಪಳ ಬದಲಾಯಿತು. ಹಿಂದಿನಿಂದ ಹೊಗೆಯ ಬದಲು ಬಿಳಿ ಉಗಿ ಬಂತು. ಕಾಕಾ ಒಮ್ಮೆಲೇ ಅದನ್ನು ನಿಲ್ಲಿಸಿ ಒಳಗೆ ಇಳಿದರು. ಎಂಜಿನನ್ನು ತಣ್ಣಗಿಡಲು ಸಮುದ್ರದ ನೀರು ಎಳೆಯುವ ಕೊಳವೆಯಿದೆ, ಅದರ ಜಾಳಿಗೆಯ ತುಂಬ ಬರ್ಫದ ಪುಡಿ. ತೆಗೆದು ತೊಳೆದು ಹಾಕಿದರು. ಐದು ನಿಮಿಷ ನಡೆಯಿತು, ಮತ್ತೆ ಉಗಿ. ಮೂರು ಸಲ ಹೀಗಾಯಿತು. ಅಷ್ಟರಲ್ಲಿ ಗಾಳಿ ಬಿತ್ತು. ಹಾಯಿ ಒಣಹಾಕಿದ ಧೋತರದಂತೆ ಜೋತುಬಿದ್ದಿತು. ಹಿಂತಿರುಗಿ ನೋಡಿದರೆ ಬಂದ ದಾರಿಯೇ ಇರಲಿಲ್ಲ. ಭರತ ಶುರುವಾಗಿ, ಹೊರಗೆ ಹರಡಿದ್ದ ಬರ್ಫವನ್ನೆಲ್ಲ ಸಮುದ್ರ ಒಳಗೆ ದೂಡಿ ನಮ್ಮ ಸುತ್ತ ತಂದು ಕೂಡಿಸಿತ್ತು.

"ಇನ್ನ ನಾಲ್ಕ ತಾಸು" ಎಂದರು ಕಾಕಾ. "ಇಳಿತ ಶುರು ಆದ ಮ್ಯಾಲ ನೀರ ತಾನ ನಮ್ಮನ್ನ ಹೊರಗ ಒಯ್ತೈತಿ. ಅಲ್ಲೀ ಮಟಾ ಕೋಲಿನಿಂದ ದೊಡ್ಡ ಗಡ್ಡಿ ದೂಡಬೇಕು. ದೋಣಿಗೆ ಬಡೀಬಾರದು."

"ಅಲ್ಲೀ ಮಟಾ ನೀರ ನಮ್ಮನ್ನ ಎಲ್ಲಿ ಒಯ್ತೈತ್ರಿ?" ಎಂದು ನಾನು ಕೇಳಿದೆ.

ಅವರು ಹಿಮನದಿಯ ಕಡೆಗೆ ಗದ್ದ ತಿರುಗಿಸಿದರು.

ರೇಡಿಯೋದಲ್ಲಿ ಕೂಗಿದರು. ಗುಡ್ಡಗಳ ನಡುವೆ ಗರಗರ ಬಿಟ್ಟರೆ ಉತ್ತರವಿಲ್ಲ. ಮೂವರೂ ಒಂದೊಂದು ಬದಿಗೆ ನಿಂತೆವು. ಅವ್ವನಿಗೆ ಒಳಗೆ ಕೂತುಕೋ ಎಂದರೆ ಕೇಳಲಿಲ್ಲ. ಆ ಫೋಟೋ ಆಗ ತೆಗೆದದ್ದು. ಆಮೇಲೆ ಕ್ಯಾಮೆರಾ ಚೀಲಕ್ಕೆ ಹೋಯಿತು. ದೂಡುವ ಕೆಲಸ ನೋಡಲು ಹಗುರ, ಮಾಡಿದರೆ ತೋಳು ಹರಿಯುತ್ತದೆ. ನೀರಿನ ಮೇಲೆ ಕಾಣುವುದು ಬುಟ್ಟಿಯಷ್ಟು, ಕೆಳಗಿರುವುದು ಬಂಡಿಯಷ್ಟು. ಮಕ್ಕಳಿಗೆ ನೂರು ಸಲ ಹೇಳಿದ ಮಾತು, ನನಗೆ ತಿಳಿದದ್ದು ಅಂದು. ಹಿಮನದಿಯ ಗೋಡೆ ನಿಧಾನಕ್ಕೆ ಎತ್ತರವಾಗುತ್ತಿತ್ತು.

ಎರಡು ತಾಸು ಕಳೆದಿರಬೇಕು. ಗೋಡೆಯ ಎಡಬದಿಯಲ್ಲಿ ಒಂದು ಭಾಗ, ನಮ್ಮೂರ ಗುಡಿಯ ಶಿಖರಕ್ಕಿಂತ ಎತ್ತರದ್ದು, ಸಪ್ಪಳವಿಲ್ಲದೆ ಕುಸಿಯಿತು. ನೀರು ಮೇಲೆದ್ದಿತು. ಸಪ್ಪಳ ಆಮೇಲೆ ಬಂತು.

"ಕುಂದರ್ರಿ. ಕೆಳಗ ಕುಂತು ಹಿಡಕೋರ್ರಿ" ಎಂದರು ಕಾಕಾ. ದನಿ ಏರಿಸಲಿಲ್ಲ.

ನಾನು ಅವ್ವನನ್ನು ಕಂಬದ ಬುಡಕ್ಕೆ ಎಳೆದು ಕೂಡಿಸಿ ಅವಳ ಮೇಲೆ ಬಾಗಿದೆ. ಅಲೆ ಬರುವುದು ಕಾಣುತ್ತಿರಲಿಲ್ಲ. ಬರ್ಫದ ಇಡೀ ಬಯಲು ಒಂದು ಕಡೆಯಿಂದ ಮೇಲೇಳುತ್ತ ಬರುವುದು ಕಾಣುತ್ತಿತ್ತು, ಚಾಪೆಯ ಕೆಳಗೆ ಏನೋ ಹರಿದಂತೆ. ದೋಣಿ ಏರಿತು, ಇಳಿಯಿತು, ಮತ್ತೆ ಏರಿತು. ಗಡ್ಡೆಗಳು ಮಗ್ಗುಲಿಗೆ ಬಡಿದವು. ಒಳಗೆ ಪಾತ್ರೆಗಳು ಬಿದ್ದವು. ಅವ್ವನ ಮುಂಗೈ ಕಂಬದ ಕೊಂಡಿಗೆ ತಾಗಿ ಹರಿದು ರಕ್ತ ಬಂತು. ಐದಾರು ಸಲ ಏರಿಳಿದ ಮೇಲೆ ನೀರು ಸಣ್ಣಗಾಯಿತು. ಸುತ್ತಲಿದ್ದ ಬರ್ಫವೇ ಅಲೆಯ ಜೋರು ತಿಂದಿತ್ತು ಎಂದು ಕಾಕಾ ಆಮೇಲೆ ಹೇಳಿದರು.

ಅವರು ಒಳಗೆ ಹೋಗಿ ದೋಣಿಯ ತಳ ನೋಡಿ ಬಂದರು. ನೀರು ಬಂದಿರಲಿಲ್ಲ. ಅವ್ವನ ಕೈಗೆ ಬಟ್ಟೆ ಕಟ್ಟಲು ಕೂತರು.

"ಅಕ್ಕಾರ, ನಿಮ್ಮನ್ನ ಇಲ್ಲಿಗೆ ಕರಕೊಂಡ ಬರಬಾರದಿತ್ತು" ಎಂದರು. "ಮತ್ತ ತಪ್ಪ ಮಾಡಿದೆ ನಾ."

"ಮತ್ತ ಅಂದ್ರ?"

ಅವರು ಬಟ್ಟೆಯ ಇನ್ನೊಂದು ಸುತ್ತು ಹಾಕಿದರು.

"ಮಾದೇವಿ ಸಂಗತಿ ಹೇಳಾಕ ಹತ್ತೀಯೇನು?" ಎಂದಳು ಅವ್ವ.

ಅವರು ಹೌದೆಂದು ತಲೆಯಾಡಿಸಿದರು.

ಆ ದಿನ ನನಗೆ ಅರೆಬರೆ ನೆನಪಿದೆ. ಮಧ್ಯಾಹ್ನ, ಹಿತ್ತಲಿನ ಬಣವೆಯ ಹತ್ತಿರ ಅಕ್ಕನ ಕಾಲಿಗೆ ಹಾವು ಕಚ್ಚಿತು. ಅಪ್ಪ ಊರಲ್ಲಿರಲಿಲ್ಲ. ಅವ್ವ ತನ್ನದೊಂದು ಸೀರೆಯಿಂದ ಅವಳನ್ನು ಕಾಕಾನ ಬೆನ್ನಿಗೆ ಕಟ್ಟಿದಳು. ಗಾಡಿಯ ಮೇಲೆ ಮೂರನೆಯವರಿಗೆ ಜಾಗವಿರಲಿಲ್ಲ. ಅವ್ವ ಬಸ್ಸು ಹಿಡಿದು ಬೆಳಗಾವಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

"ನಾ ಇಷ್ಟ ದೂರ ಬಂದದ್ದ ಅದನ್ನ ಕೇಳಾಕ" ಎಂದಳು ಅವ್ವ. "ಕಾಗದದಾಗ ಕೇಳೂ ಮಾತಲ್ಲ. ಇವನ ಕಡಿಂದ ಬರಸೂ ಮಾತೂ ಅಲ್ಲ. ಆಕಿನ್ನ ನಿನ್ನ ಬೆನ್ನಿಗೆ ಕಟ್ಟಿ ಕಳಿಸಿದೆ. ಆಮ್ಯಾಲ ಆಕಿ ಮಾತ ನಾ ಕೇಳಲಿಲ್ಲ. ದಾರ್ಯಾಗ ಏನರ ಅಂದ್ಲೇನು?"

ಕಾಕಾ ಗಂಟು ಬಿಗಿದು ಹೇಳಿದರು:

"ಮುಕ್ಕಾಲ ದಾರಿ ಮಟಾ ಮಾತಾಡಿಕೋತ ಬಂದ್ಲರಿ. ಗಾಡಿ ಸಪ್ಪಳದಾಗ ಪೂರಾ ಕೇಳಸ್ತಿರಲಿಲ್ಲ. ಒಂದ ಮಾತ ಕೇಳಸ್ತು. 'ಜೋರ ಬಿಡ್ರಿ ಕಾಕಾ, ಇನ್ನಾ ಜೋರ ಬಿಡ್ರಿ' ಅಂತಿದ್ಲು. ನಾ ಬಿಡಲಿಲ್ಲ. ರಸ್ತಾ ತುಂಬ ತಗ್ಗು, ಬೆನ್ನ ಮ್ಯಾಲ ಕೂಸು. ಬಿದ್ದೇನಿ ಅಂತ ಅಂಜಿ ಸಾವಕಾಶ ಹೊಡದೆ. ಸಾಂಬ್ರಾ ದಾಟಿದ ಮ್ಯಾಲ ಸುಮ್ಮನಾದ್ಲು. ನಿದ್ದಿ ಬಂತು ಅಂದ್ಕೊಂಡೆ." ಮುಂದೆ ಹೇಳಿದರು: "ಆಕಿ ಹೇಳಿದಂಗ ಬಿಟ್ಟಿದ್ರ ಉಳೀತಿದ್ಲೇನೋ. ಅದಕ್ಕ ಊರಿಗೆ ಬರಲಿಲ್ಲ. ನಿಮಗ ಮಾರಿ ತೋರಸಾಕ ಆಗಲಿಲ್ಲ."

ಅವ್ವ ಅಳಲಿಲ್ಲ. ಕೇಳಿದ್ದು ಇಷ್ಟೇ: "ಆ ಮಾತ ಅಳಕೋತ ಅಂದ್ಲೋ, ನಕ್ಕೋತ ಅಂದ್ಲೋ?"

ಕಾಕಾ ತಲೆಯೆತ್ತಿ ಅವಳನ್ನು ನೋಡಿದರು. ಈ ಪ್ರಶ್ನೆಯನ್ನು ಅವರು ತಮ್ಮನ್ನು ತಾವು ಎಂದೂ ಕೇಳಿಕೊಂಡಿರಲಿಲ್ಲವೆಂದು ಕಾಣುತ್ತದೆ. ಕಣ್ಣು ಮುಚ್ಚಿದರು. ತುಟಿ ಅಲುಗುತ್ತಿತ್ತು, ಆ ಮಾತನ್ನು ಒಳಗೇ ಹೇಳಿ ನೋಡುವವರಂತೆ.

"ನಕ್ಕೋತ" ಎಂದರು. "ನಗಾಕ ಹತ್ತಿದ್ಲರಿ. ಎರಡೂ ಕೈಲೆ ನನ್ನ ಅಂಗಿ ಜಗ್ಗತಿದ್ಲು."

"ನಿನ್ನ ಗಾಡಿ ಮ್ಯಾಲ ಕುಂದ್ರಸ್ರಿ ಅಂತ ಆಕಿ ಇವರಪ್ಪಗ ಆರ ತಿಂಗಳಿಂದ ಗಂಟ ಬಿದ್ದಿದ್ಲು. ಬ್ಯಾಡ, ಬಿದ್ದಗಿದ್ದೀ ಅಂತಿದ್ರು. ಹಾವ ಕಡದದ್ದ ಆಕಿಗೆ ಗೊತ್ತಿರಲಿಲ್ಲ. ಮುಳ್ಳ ಚುಚ್ಚೇತಿ, ತಗಸಿಕೊಂಡ ಬಾ ಅಂತ ಹೇಳಿ ಕಳಿಸಿದ್ದೆ. ದವಾಖಾನಿ ಲಗೂನ ಮುಟ್ಟಲಿ ಅಂತ ಅಂದದ್ದಲ್ಲ ತಮ್ಮಾ ಅದು. ಗಾಡಿ ಜೋರ ಹೋಗಲಿ ಅಂತ ಅಂದಾಳ." ಆಮೇಲೆ ಹೇಳಿದಳು: "ಇನ್ನ ಅರ್ಧ ತಾಸ ಮದಲ ತಂದಿದ್ರೂ ಉಳೀತಿದ್ದಿಲ್ಲ ಅಂತ ಡಾಕ್ಟರು ಇವರಪ್ಪಗ ಹೇಳಿದ್ರು. ನಿನಗ ಯಾರೂ ಹೇಳಲಿಲ್ಲೇನು?"

"ಇಲ್ರಿ."

ಅಪ್ಪ ಈ ಮಾತನ್ನು ನನ್ನೆದುರು ಎಂದೂ ಆಡಿರಲಿಲ್ಲ. ಡಾಕ್ಟರು ನಿಜಕ್ಕೂ ಹೇಳಿದ್ದರೋ, ಅವ್ವ ಅಲ್ಲಿಯೇ ಹುಟ್ಟಿಸಿ ಹೇಳಿದಳೋ ನನಗೆ ಇಂದಿಗೂ ಗೊತ್ತಿಲ್ಲ. ಕೇಳಿಲ್ಲ.

ಕಾಕಾ ಎದ್ದು ಒಳಗೆ ಹೋದರು. ಜಾಳಿಗೆ ತೊಳೆಯುವ ಸಪ್ಪಳ ಬಹಳ ಹೊತ್ತು ಕೇಳಿಸಿತು. ನಾನೂ ಅವ್ವನೂ ಕೋಲು ಹಿಡಿದು ಗಡ್ಡೆ ದೂಡುತ್ತ ನಿಂತೆವು. ನನ್ನ ಕಣ್ಣು ತುಂಬಿದ್ದವು, ಎರಡು ಗಡ್ಡೆ ತಪ್ಪಿದವು. "ಈ ಕಡೆ ನೋಡು" ಎಂದಳು ಅವ್ವ.

ಇಳಿತ

ಎರಡು ಗಂಟೆಯ ಸುಮಾರಿಗೆ ಗೋಡೆ ಬೆಳೆಯುವುದು ನಿಂತಿತು. ಆಮೇಲೆ ಕೂದಲೆಳೆಯಷ್ಟು ಹಿಂದೆ ಸರಿದಂತೆ ಕಂಡಿತು. ಬರ್ಫ ಸಡಿಲವಾಯಿತು, ನಡುವೆ ಕರಿಯ ನೀರಿನ ಗೆರೆಗಳು ಕಾಣಿಸಿದವು. ಹಿಮನದಿಯ ಮೇಲಿನಿಂದ ತಣ್ಣನೆಯ ಗಾಳಿ ಇಳಿಯಿತು. ಕಾಕಾ ಎಂಜಿನು ಮುಟ್ಟಲಿಲ್ಲ, ಮುಂದಿನ ಸಣ್ಣ ಹಾಯಿ ಒಂದನ್ನೇ ಏರಿಸಿದರು. ನಾನು ಮೂತಿಯಲ್ಲಿ ಮಲಗಿ ಎಡಕ್ಕೆ, ಬಲಕ್ಕೆ ಎಂದು ಹೇಳುತ್ತ ಹೋದೆ. ತಿರುವು ದಾಟಿದೆವು.

ಲಂಗರು ಹಾಕಿದ ಮೇಲೆ ಅವ್ವ ಊರಿನಿಂದ ತಂದಿದ್ದ ಜೋಳದ ಹಿಟ್ಟು ತೆಗೆದಳು. ದೋಣಿಯ ಮುಚ್ಚಳದ ಹಲಗೆಯ ಮೇಲೆ ಒಂದೇ ಕೈಯಲ್ಲಿ ಬಡಿದ ರೊಟ್ಟಿ ಅಂಚಿಗೆ ಹರಿದವು. ಕಾಕಾ ಐದು ತಿಂದರು. ಆರನೆಯದು ಕೇಳಲು ನಾಚಿ ಕೂತಿದ್ದರು, ಅವ್ವ ಕೇಳದೆಯೇ ಹಾಕಿದಳು. ಊಟದ ನಡುವೆ ಅವರು, ನೇಸರಗಿಗೆ ಈಗ ಬೆಳಗಾವಿಯಿಂದ ಎಷ್ಟು ಬಸ್ಸು ಎಂದು ಕೇಳಿದರು. "ಭಾಳ ಆಗ್ಯಾವ. ಬಂದ್ರ ನಿಂದರೂ ಕಾರಣಿಲ್ಲ" ಎಂದಳು ಅವ್ವ. ಮುಂದಿನ ಸುಗ್ಗಿಗೆ ಅವರು ಬಂದರು. ನಲವತ್ತು ದಿನ ಇದ್ದರು.

ಬೆಳಗಾವಿಯಿಂದ ಊರಿಗೆ

ವಾಪಸು ಬಂದ ದಿನ ಬೆಳಗಾವಿಯಲ್ಲಿ ಬಸ್ಸು ಹತ್ತಿದೆವು. ಸೀಟು ಬೇರೆ ಬೇರೆ ಸಿಕ್ಕವು. ಅವ್ವನ ಪಕ್ಕದಲ್ಲಿ ಕೂತವಳು ಬೈಲಹೊಂಗಲದ ಕಡೆಯ ಹೆಂಗಸು, ತೊಡೆಯ ಮೇಲೆ ಮೆಣಸಿನಕಾಯಿ ಚೀಲ. ಬಸ್ಸು ಹೊರಡುವ ಮೊದಲೇ ಯಾವ ಊರು, ಯಾರ ಮನೆಯವರು ಎಂದು ಶುರು ಮಾಡಿದಳು. ಅಲಾಸ್ಕಾದ ಸುದ್ದಿ ಅವ್ವ ಎತ್ತಲೇ ಇಲ್ಲ.

"ಮಕ್ಕಳೆಷ್ಟ ಮಂದೀರಿ?" ಎಂದು ಆಕೆ ಕೇಳಿದಳು.

ಇದನ್ನು ನಮ್ಮ ಕಡೆ ಎಲ್ಲರೂ ಕೇಳುತ್ತಾರೆ. ಅವ್ವ ಯಾವಾಗಲೂ "ಒಬ್ಬನ ಮಗ" ಎಂದು ಹೇಳಿ ಮಾತು ತಿರುಗಿಸುವವಳು. ಮನೆಯಲ್ಲಿ ಅಕ್ಕನ ಹೆಸರು ಹಿಡಿಯುವ ರೂಢಿ ಇರಲಿಲ್ಲ. ಅಪ್ಪನೂ ಹಿಡಿಯುತ್ತಿರಲಿಲ್ಲ, ನಾನೂ ಇಲ್ಲ.

"ಇಬ್ಬರರಿ" ಎಂದಳು ಅವ್ವ. "ಹಿಂದ ಕುಂತಾನಲ್ಲ, ಇವ ಸಣ್ಣವ. ದೊಡ್ಡಾಕಿ ಮಾದೇವಿ. ಒಂಬತ್ತ ವರ್ಷದಾಕಿ ಇದ್ದಾಗ ಹೋದ್ಲು. ಭಾಳ ಹಟಮಾರಿ ಇದ್ಲು."

"ಯಾರ್ಹಂಗ ಇದ್ಲರಿ ನೋಡಾಕ?"

ಅವ್ವ ಹೇಳತೊಡಗಿದಳು. ಅಕ್ಕನ ಮುಂದಿನ ಎರಡು ಹಲ್ಲು ಸೊಟ್ಟಗಿದ್ದವಂತೆ. ಸಾಲೆಗೆ ಹೋಗುವಾಗ ನನ್ನ ಪಾಟಿಯನ್ನೂ ಅವಳೇ ಹೊರುತ್ತಿದ್ದಳಂತೆ. ಹುಣಸೆಕಾಯಿ ಕದ್ದು ಸಿಕ್ಕಿಬಿದ್ದು, ಕದ್ದದ್ದು ತಮ್ಮ ಎಂದು ನನ್ನ ಹೆಸರು ಹೇಳಿದ್ದಳಂತೆ. ನನಗೆ ಇದೊಂದೂ ಗೊತ್ತಿರಲಿಲ್ಲ. ಬಸ್ಸಿನ ಸಪ್ಪಳದಲ್ಲಿ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ಮುಂದಿನ ಸೀಟಿನ ಕಂಬಿ ಹಿಡಿದು, ಬಾಗಿ, ಊರು ಬರುವ ತನಕ ಕೇಳುತ್ತ ಕೂತೆ.